ವಾದದಿಂದ ಬಿನ್ನಹಕ್ಕೆ: ಶ್ರವಣಬೆಳಗೊಳದ ಎರಡು ಶಾಸನಗಳಲ್ಲಿ ಒಡಂಬಡಿಸುವ ಮಾತು

ಕನ್ನಡದ ‘ಒಡಂಬಡು’ ಎಂಬ ಕ್ರಿಯಾಪದಕ್ಕೆ ಒಪ್ಪು, ಸಮ್ಮತಿಸು ಎಂದು ಅರ್ಥ. ಅದರ ಪ್ರೇರಣಾರ್ಥಕ ರೂಪವಾದ ‘ಒಡಂಬಡಿಸು’ ಎಂದರೆ ಇನ್ನೊಬ್ಬರು ಒಪ್ಪುವಂತೆ ಮಾಡು. ಹಾಗೆ ಒಪ್ಪಿದವರ ನಡುವೆ ಏರ್ಪಡುವ ಕರಾರು ‘ಒಡಂಬಡಿಕೆ’. ಮನವೊಲಿಸುವ ಮಾತು, ಆ ಮಾತಿಗೆ ದೊರೆತ ಸಮ್ಮತಿ, ಸಮ್ಮತಿಯಿಂದ ಹುಟ್ಟಿದ ಕಟ್ಟಳೆ ಈ ಮೂರೂ ಒಂದೇ ಮೂಲದಿಂದ ಬಂದ ಪದಗಳು. ಹೊಲದ ಬದುವಿನ ತಗಾದೆ, ಜಾತ್ರೆಯ ಮೆರವಣಿಗೆಯ ದಾರಿ, ಅಂಗಡಿಯ ಬಾಕಿ, ಮದುವೆಯ ಮಾತುಕತೆ ಇಂತಹ ದಿನನಿತ್ಯದ ಸಂಗತಿಗಳಲ್ಲಿ ಜನರು ಒಬ್ಬರನ್ನೊಬ್ಬರು ಒಡಂಬಡಿಸುತ್ತಲೇ ಬಂದಿದ್ದಾರೆ. ಆದರೆ ಆ ಮಾತುಗಳಲ್ಲಿ ಬಹುಪಾಲು ಆಡಿದ ಕ್ಷಣಕ್ಕೇ ಅಳಿದುಹೋಗುತ್ತವೆ. ಚರಿತ್ರೆಗೆ ಉಳಿಯುವುದು ಫಲಿತಾಂಶ ಮಾತ್ರ. ಒಪ್ಪಿಸಿದ ಬಗೆ ಉಳಿಯುವುದು ಅಪರೂಪ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನವು ಅಂತಹ ಅಪರೂಪದ ದಾಖಲೆ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಆದ ಒಪ್ಪಂದವನ್ನು ಹೇಳುವ ಈ ಶಾಸನವನ್ನು ಪಠ್ಯಪುಸ್ತಕಗಳು ಮತಸಾಮರಸ್ಯದ ನಿದರ್ಶನವಾಗಿ ಉದಾಹರಿಸುತ್ತವೆ. ಆ ಹೆಗ್ಗಳಿಕೆ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಅದನ್ನು ಅರಸನ ಔದಾರ್ಯದ ಕಥೆಯಾಗಿ ಮಾತ್ರ ಓದಿದಾಗ ಅದರೊಳಗಿನ ಮಾತಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಸಂಖ್ಯೆಯಲ್ಲಿಯೂ ಬಲದಲ್ಲಿಯೂ ಕುಗ್ಗಿದ ಸಮುದಾಯವೊಂದು ಬಲಿಷ್ಠರಾದ ನೆರೆಯವರನ್ನು ಹೇಗೆ ಒಡಂಬಡಿಸಿತು, ಅದಕ್ಕಾಗಿ ಏನನ್ನು ತೆತ್ತಿತು ಎಂಬ ಪ್ರಶ್ನೆಗಳಿಗೆ ಈ ಕಲ್ಲು ಉತ್ತರ ಹೇಳುತ್ತದೆ.

ಭೇರಿಯ ಭಾಷೆ

ಈ ಶಾಸನದ ವಿಶೇಷ ತಿಳಿಯಬೇಕಾದರೆ ಅದೇ ಕ್ಷೇತ್ರದ ಇನ್ನೊಂದು ಶಾಸನವನ್ನು ಮೊದಲು ನೋಡಬೇಕು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯು ಶಕ 1050ರ ಕೀಲಕ ಸಂವತ್ಸರಕ್ಕೆ, ಎಂದರೆ ಕ್ರಿ.ಶ. 1129ಕ್ಕೆ ಸೇರಿದ್ದು. ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣವನ್ನು ಸ್ಮರಿಸುವ ಈ ದೀರ್ಘ ಸಂಸ್ಕೃತ ರಚನೆ ಜೈನಾಚಾರ್ಯರ ಪರಂಪರೆಯನ್ನು ಹಾಡಿ ಹೊಗಳುತ್ತದೆ. ಅದರಲ್ಲಿ ಎದ್ದು ಕಾಣುವುದು ವಾದಿಗಳ ಕೀರ್ತಿ. ಸಮಂತಭದ್ರರು ಪಾಟಲಿಪುತ್ರದಲ್ಲಿ ಭೇರಿಯನ್ನು ಬಾರಿಸಿ ವಾದಕ್ಕೆ ಕರೆಯಿತ್ತು, ಮಾಲವ, ಸಿಂಧು, ಠಕ್ಕ, ಕಾಂಚೀಪುರ, ವಿದಿಶೆಗಳಲ್ಲಿ ಸಂಚರಿಸಿ, ಕರಹಾಟಕಕ್ಕೆ ಬಂದುದನ್ನು ಅದು ವರ್ಣಿಸುತ್ತದೆ. ಅಕಲಂಕದೇವರು ಸಾಹಸತುಂಗನೆಂಬ ಅರಸನ ಮುಂದೆ ತಮ್ಮ ವಾದಸಾಮರ್ಥ್ಯವನ್ನು ಸಾರಿದುದನ್ನೂ ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಜಯಿಸಿದುದನ್ನೂ ಹೇಳುತ್ತದೆ.

ಇದು ಒಂದು ಬಗೆಯ ಮಾತುಗಾರಿಕೆ. ಇಲ್ಲಿ ಸಭೆಯಿದೆ, ಮಧ್ಯಸ್ಥನಾದ ಅರಸನಿದ್ದಾನೆ, ಪ್ರತಿವಾದಿಯಿದ್ದಾನೆ. ಒಬ್ಬರು ಗೆದ್ದು ಇನ್ನೊಬ್ಬರು ಸೋಲಲೇಬೇಕು. ನ್ಯಾಯಸೂತ್ರವು ಕಥೆಯನ್ನು, ಎಂದರೆ ಶಾಸ್ತ್ರಚರ್ಚೆಯನ್ನು, ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿ, ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ಮಾತ್ರ ವಾದವೆಂದು ಕರೆಯಿತು. ಗೆಲುವಿಗಾಗಿ ನಡೆಯುವುದು ಜಲ್ಪ. ರಾಜಸಭೆಗಳ ಪ್ರಸಿದ್ಧ ವಾದಗಳಲ್ಲಿ ಇವೆರಡರ ಗೆರೆ ಎಷ್ಟೋ ಸಲ ಅಳಿಸಿಹೋಗಿರಬೇಕು. ಏನೇ ಇರಲಿ, ಸೋತ ಪಕ್ಷದವರು ಮನಸಾರೆ ಒಪ್ಪಿದರೇ, ಮರುದಿನ ಇಬ್ಬರೂ ಒಂದೇ ಬೀದಿಯಲ್ಲಿ ಹೇಗೆ ನಡೆದರು ಎಂಬ ಪ್ರಶ್ನೆಯನ್ನು ಪ್ರಶಸ್ತಿಗಳು ಎತ್ತಿಕೊಳ್ಳುವುದಿಲ್ಲ. ಜಯ ಹೇಳಿದಲ್ಲಿಗೆ ಅವುಗಳ ಕೆಲಸ ಮುಗಿಯಿತು.

ಸಂವಾದ, ಬಿನ್ನಹ

ಸರಿಯಾಗಿ ನಾಲ್ಕು ಸಂವತ್ಸರಚಕ್ರಗಳು ಉರುಳಿದ ಮೇಲೆ, ಮತ್ತೊಂದು ಕೀಲಕ ಸಂವತ್ಸರದಲ್ಲಿ, ಶಕ 1290ರ ಭಾದ್ರಪದ ಮಾಸದಲ್ಲಿ ಬುಕ್ಕರಾಯನ ಒಪ್ಪಂದ ಹುಟ್ಟಿತು. ಈ ನಡುವೆ ಗಂಗ, ರಾಷ್ಟ್ರಕೂಟ, ಹೊಯ್ಸಳರ ಕಾಲದ ರಾಜಾಶ್ರಯ ಜೈನರಿಗೆ ತಪ್ಪಿಹೋಗಿತ್ತು. ಭಂಡಾರಿ ಬಸದಿಯನ್ನೇ ಕಟ್ಟಿಸಿದ ಹುಳ್ಳನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದವನು. 1368ರ ಹೊತ್ತಿಗೆ ಅಂತಹ ಅಧಿಕಾರಸ್ಥಾನದ ಬೆಂಬಲ ಹಿಂದಿನಂತಿರಲಿಲ್ಲ.

ಶಾಸನವು ಜಗಳವನ್ನು ‘ಸಂವಾದ’ ಎಂದು ಕರೆಯುತ್ತದೆ. ಇಂದು ಈ ಪದ ಸೌಹಾರ್ದದ ಮಾತುಕತೆಯನ್ನು ಸೂಚಿಸುತ್ತದೆ. ಅಲ್ಲಿ ಅದಕ್ಕೆ ತಕರಾರೆಂಬ ಅರ್ಥ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಭವ್ಯಜನರು, ಎಂದರೆ ಜೈನ ಶ್ರಾವಕರು, ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯಗಳನ್ನು ಅರಸನಿಗೆ ಬಿನ್ನವಿಸಿಕೊಂಡರು. ಸಂಸ್ಕೃತದ ‘ವಿಜ್ಞಾಪನ’ದ ತದ್ಭವವಾದ ‘ಬಿನ್ನಹ’ಕ್ಕೂ ವಾದಕ್ಕೂ ದೊಡ್ಡ ಅಂತರವಿದೆ. ವಾದಿ ಸವಾಲು ಹಾಕುತ್ತಾನೆ. ಬಿನ್ನಹ ಮಾಡುವವನು ಕೇಳುವವನ ಎದುರು ತಲೆಬಾಗುತ್ತಾನೆ. ಸಮಂತಭದ್ರ, ಅಕಲಂಕರ ವಾರಸುದಾರರಾದ ಜೈನರು ಈ ಪ್ರಸಂಗದಲ್ಲಿ ತತ್ತ್ವಚರ್ಚೆಗೆ ಇಳಿಯಲಿಲ್ಲ. ಯಾವ ದರ್ಶನ ಸತ್ಯವೆಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ವಾದ್ಯ ನುಡಿಸಬಹುದೇ, ಕಳಶವಿಡಬಹುದೇ, ಬಸದಿಗೆ ರಕ್ಷಣೆಯುಂಟೇ ಎಂಬ ನಿತ್ಯಜೀವನದ ಪ್ರಶ್ನೆಗಳು ಅಲ್ಲಿದ್ದವು. ಒಂದು ಕಾಲಕ್ಕೆ ವಾದಕ್ಕೆ ಕರೆಯಲು ಭೇರಿ ಬಾರಿಸಿದ ಪರಂಪರೆ ಈಗ ತನ್ನ ಬಸದಿಯ ವಾದ್ಯಗಳಿಗಾಗಿ ಮೊರೆಯಿಡಬೇಕಾಗಿತ್ತು.

ಮೊರೆಯನ್ನು ಆಲಿಸಿದ ಅರಸನಿಗಿದ್ದ ಬಿರುದುಗಳಲ್ಲಿ ಒಂದು, ಭಾಷೆಗೆ ತಪ್ಪುವ ರಾಯರ ಗಂಡ ಎಂಬುದು. ‘ಭಾಷೆ’ ಎಂದರೆ ಇಲ್ಲಿ ಕೊಟ್ಟ ಮಾತು. ಬಿರುದುಗಳು ರೂಢಿಯ ಮಾತುಗಳು, ನಿಜ. ಆದರೂ ಮಾತಿಗೆ ತಪ್ಪಿದವರನ್ನು ದಂಡಿಸುವವನೆಂದು ಹೆಸರು ಹೊತ್ತ ಅರಸನ ಮುಂದೆ ಆದ ಕರಾರಿಗೆ ಆ ಹೆಸರೇ ಒಂದು ಜಾಮೀನು.

ಕೈಹಿಡಿದು ಕೊಡುವುದು

ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇತ್ತನು. ಶಾಸನದ ಅತ್ಯಂತ ಪ್ರಸಿದ್ಧ ಭಾಗವಿದು. ತರ್ಕದ ಕಣ್ಣಿಗೆ ‘ಭೇದವಿಲ್ಲ’ ಎಂಬ ಹೇಳಿಕೆ ನಿಲ್ಲುವಂಥದಲ್ಲ. ಜಗತ್ತಿಗೆ ಕರ್ತೃವಾದ ಈಶ್ವರನನ್ನು ಒಪ್ಪದ ದರ್ಶನಕ್ಕೂ ನಾರಾಯಣನೇ ಪರತತ್ತ್ವವೆನ್ನುವ ದರ್ಶನಕ್ಕೂ ಭೇದವಿದ್ದೇ ಇದೆ. ಅಲ್ಲಿ ನೆರೆದಿದ್ದ ಆಚಾರ್ಯರಿಗೆ ಅದು ತಿಳಿಯದ ವಿಷಯವಲ್ಲ. ಆದ್ದರಿಂದ ಅದನ್ನು ತತ್ತ್ವದ ಹೇಳಿಕೆಯೆಂದು ತಿಳಿಯುವುದಕ್ಕಿಂತ ನಡವಳಿಕೆಯ ನಿಯಮವೆಂದು ತಿಳಿಯುವುದು ಸರಿ. ಭೇದವಿಲ್ಲದವರಂತೆ ನಡೆದುಕೊಳ್ಳತಕ್ಕದ್ದು ಎಂಬುದೇ ಅದರ ತಾತ್ಪರ್ಯ.

ಮಾತು ಹೇಳಿದ್ದು ಸಮಾನತೆಯನ್ನು. ಕೈಯ ಚೇಷ್ಟೆ ಹೇಳಿದ್ದು ಇನ್ನೊಂದನ್ನು. ಕನ್ನಡದ ಲೋಕರೂಢಿಯಲ್ಲಿ ‘ಕೈಹಿಡಿದು ಕೊಡುವುದು’ ಎಂದರೆ ಒಬ್ಬರ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸುವುದು. ಮಗಳನ್ನು ಅಳಿಯನ ಕೈಗೆ ಕೊಡುವುದು. ಕೊಟ್ಟ ಕೈ ರಕ್ಷಣೆಗೆ ಒಳಗಾದ ಕೈ, ಪಡೆದ ಕೈ ರಕ್ಷಿಸಬೇಕಾದ ಕೈ. ಅರಸನು ವೈಷ್ಣವರ ಕೈಯನ್ನು ಹಿಡಿದು ಜೈನರಿಗೆ ಒಪ್ಪಿಸಲಿಲ್ಲ. ಸಮಾನತೆಯ ಮಾತು ಜೈನರ ಗೌರವವನ್ನು ಉಳಿಸಿತು. ರಕ್ಷಣೆಯ ಚೇಷ್ಟೆ ವೈಷ್ಣವರ ಹಿರಿತನವನ್ನು ಉಳಿಸಿತು. ಎರಡು ಪಕ್ಷಗಳೂ ತಮಗೆ ಬೇಕಾದುದನ್ನು ಕೇಳಿಸಿಕೊಳ್ಳಲು ಅಲ್ಲಿ ಅವಕಾಶವಿತ್ತು.

ಅನಂತರದ ಕಟ್ಟಳೆಯಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಜೈನ ದರ್ಶನಕ್ಕೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲುವುದು ‘ಪೂರ್ವಮರ್ಯಾದೆ’ಯಂತೆ. ಹಿಂದಿನಿಂದ ನಡೆದುಬಂದದ್ದು ಎಂದಾಗ ಎದುರು ಪಕ್ಷ ಹೊಸದಾಗಿ ಏನನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ. ಅದರ ಮಾನಕ್ಕೆ ಕುಂದಿಲ್ಲ. ಊರಿನ ಹಿರಿಯರು ಇಂದಿಗೂ ತಗಾದೆ ತೀರಿಸುವಾಗ ಹೂಡುವ ಮೊದಲ ಮಾತು ಇದೇ. ಹಾಗೆಯೇ, ದೂರಿನ ಭಾಗದಲ್ಲಿ ತಪ್ಪಿತಸ್ಥರನ್ನು ‘ಭಕ್ತರು’ ಎಂಬ ಸಾಮಾನ್ಯನಾಮದಿಂದ ಕರೆದು, ಒಪ್ಪಂದದ ಭಾಗದಲ್ಲಿ ‘ಶ್ರೀವೈಷ್ಣವರು’ ಎಂಬ ಗೌರವದ ಹೆಸರನ್ನು ಬಳಸಲಾಗಿದೆ. ಆ ಭಕ್ತರು ಶ್ರೀವೈಷ್ಣವರೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಗ್ರಹಿಸಿದ್ದಾರೆ. ಆದರೆ ಕಲ್ಲಿನ ಮೇಲೆ ಅನ್ಯಾಯ ಮಾಡಿದವರ ಹೆಸರೂ ರಕ್ಷಣೆಯ ಹೊಣೆ ಹೊತ್ತವರ ಹೆಸರೂ ಬೇರೆಬೇರೆಯಾಗಿ ಕೂತಿವೆ. ದೂಷಣೆಗೆ ಒಳಗಾಗದ ಪಕ್ಷ ಹೊಣೆಯನ್ನು ಸುಲಭವಾಗಿ ಹೊರುತ್ತದೆ.

ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಭಾವಿಸಬೇಕೆಂಬ ಕರಾರೂ ಇದೆ. ‘ವೃದ್ಧಿ’ಯೇ ಕನ್ನಡದಲ್ಲಿ ‘ಬಡ್ಡಿ’ಯಾದದ್ದು, ವರ್ತಕರ ಕಿವಿಗೆ ಈ ಜೋಡಿನುಡಿ ಲಾಭನಷ್ಟದ ಲೆಕ್ಕದಂತೆಯೂ ಕೇಳಿಸಬಲ್ಲದು. ಕರುಣೆ ತೋರಿರೆಂದು ಇಲ್ಲಿ ಬೇಡಿಲ್ಲ. ನಷ್ಟದಲ್ಲಿ ಪಾಲುದಾರರಾಗಿರೆಂದು ಕೇಳಲಾಗಿದೆ.

ವ್ಯಾಕರಣದ ಒಂದು ಅಂಶವೂ ಗಮನಾರ್ಹ. ಪಾಲಿಸುವರು ಎಂದು ಪ್ರಥಮಪುರುಷದಲ್ಲಿ ಸಾಗುವ ವಾಕ್ಯಗಳ ನಡುವೆ, ವೈಷ್ಣವ ಸಮಯವು ಜೈನ ದರ್ಶನವನ್ನು ಕಾಪಾಡಿಕೊಂಡು ಬರುವುದೆಂಬ ವಾಗ್ದಾನದಲ್ಲಿ ಕ್ರಿಯಾಪದ ‘ಬಹೆವು’ ಎಂದು ಉತ್ತಮಪುರುಷ ಬಹುವಚನಕ್ಕೆ ಹೊರಳುತ್ತದೆ. ಅವರು ಮಾಡಬೇಕಾದ ಕೆಲಸ ನಾವು ಮಾಡುವ ಕೆಲಸವಾಯಿತು. ಲಿಪಿಕಾರನು ಆ ಕ್ಷಣದ ಬಾಯಿಮಾತನ್ನು ಹಾಗೆಯೇ ಬರೆದುಕೊಂಡನೋ ಬರವಣಿಗೆಯ ಸಡಿಲತೆಯೋ, ಪರಿಣಾಮ ಮಾತ್ರ ಒಂದೇ: ಕಲ್ಲಿನಲ್ಲಿ ಮಾತನಾಡುತ್ತಿರುವವರು ಈಗ ಒಪ್ಪಿದವರು, ಒಪ್ಪಿಸಿದವರಲ್ಲ.

ಯಾರನ್ನು ಒಪ್ಪಿಸಬೇಕಿತ್ತು?

ಶಾಸನದಲ್ಲಿ ಶ್ರೀವೈಷ್ಣವ ಪಕ್ಷದ ಪಟ್ಟಿ ಉದ್ದವಾಗಿದೆ. ಕೋವಿಲ್ ಎಂಬ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋವಿಲ್ ಎಂಬ ಕಂಚಿ, ತಿರುನಾರಾಯಣಪುರವೆಂಬ ಮೇಲುಕೋಟೆ ಇವುಗಳ ಆಚಾರ್ಯರು ಮೊದಲು ಬರುತ್ತಾರೆ. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ದೇವಾಲಯದ ಸೇವೆಯವರು, ನೀರು ತರುವವರು, ಸಾವಂತರು, ಬೋವರು, ತಿರಿಕುಲದವರು, ಜಾಂಬವಕುಲದವರು ಎಂದು ಮುಂದುವರಿದು ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಒಳಗೊಳ್ಳುತ್ತದೆ.

ಮಠದಲ್ಲಿ ಕುಳಿತ ಆಚಾರ್ಯರು ಒಪ್ಪಿದ ಮಾತ್ರಕ್ಕೆ ಬೀದಿಯ ತಕರಾರು ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ. ಮೆರವಣಿಗೆಯನ್ನು ತಡೆಯುವ ಕೈಯೂ ವಾದ್ಯವನ್ನು ನಿಲ್ಲಿಸುವ ದನಿಯೂ ಬಹುಮಟ್ಟಿಗೆ ಬೀದಿಯವೇ. ರಾಜಸಭೆಯ ವಾದಕ್ಕೆ ಇಬ್ಬರು ವಿದ್ವಾಂಸರು ಸಾಕು. ನಿತ್ಯದ ಸಹಬಾಳ್ವೆಗೆ ನೀರು ಹೊರುವವನ ಸಮ್ಮತಿಯೂ ಬೇಕು. ಅಂದಿನ ಸಮಾಜದಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟ ಕುಲಗಳನ್ನು ಕರಾರಿನ ಪಕ್ಷದವರೆಂದು ಹೆಸರಿಸಿರುವುದು ಈ ಶಾಸನದ ಕಡಮೆ ಚರ್ಚಿತವಾದ ಹಿರಿಮೆ.

ಇದೇ ದೃಷ್ಟಿಯಿಂದ ಶಾಸನದ ಆರಂಭವನ್ನೂ ಗಮನಿಸಬೇಕು. ಜೈನ ಬಸದಿಯ ಶಾಸನಗಳು ಸಾಮಾನ್ಯವಾಗಿ ಜಿನಶಾಸನದ ಸ್ತುತಿಯಿಂದ ತೊಡಗುತ್ತವೆ. ಬಸದಿಯೊಳಗೇ ನಿಂತ ಈ ಶಾಸನ ತೊಡಗುವುದು ರಾಮಾನುಜರ ಜಯಕಾರದಿಂದ. ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿಯೆಂದು ಆ ಶ್ಲೋಕ ಹೊಗಳುತ್ತದೆ. ವೇದಪ್ರಾಮಾಣ್ಯವನ್ನು ಒಪ್ಪದವರೆಲ್ಲ ಪಾಷಂಡರೆಂಬ ರೂಢಿಯಂತೆ ಜೈನರೂ ಆ ಪದದ ವ್ಯಾಪ್ತಿಗೆ ಸೇರಿದವರೇ. ಜೈನರ ರಕ್ಷಣೆಯ ಪತ್ರದ ತಲೆಯ ಮೇಲೆ ಜೈನರನ್ನು ಸುಡುವ ಬೆಂಕಿಯ ಹೊಗಳಿಕೆ!

ಈ ವಿರೋಧಾಭಾಸಕ್ಕೆ ಉತ್ತರವಿದೆ. ಈ ಕಲ್ಲು ಜೈನರನ್ನು ಉದ್ದೇಶಿಸಿದ್ದಲ್ಲ. ಬಸದಿಗೆ ಕೇಡು ಬಗೆದು ಬರುವವನನ್ನು ಉದ್ದೇಶಿಸಿದ್ದು. ಅವನು ಮೊದಲು ನೋಡಬೇಕಾದ್ದು ಅವನ ಆಚಾರ್ಯರ ಹೆಸರು. ಆ ಹೆಸರಿನ ಕೆಳಗಿರುವುದನ್ನು ಅವನು ಪರರ ಮಾತೆಂದು ತಳ್ಳಿಹಾಕಲಾರ. ರಾಜ್ಯದ ಎಲ್ಲ ಬಸದಿಗಳಲ್ಲಿ ಈ ಶಾಸನವನ್ನು ನೆಡುವ ಹೊಣೆಯನ್ನು ಶ್ರೀವೈಷ್ಣವರಿಗೇ ವಹಿಸಿದ್ದರ ಅರ್ಥವೂ ಇದೇ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಎಂದರೆ ಶಾಸನದ ಕಲ್ಲೆಹದಲ್ಲಿ, ಈ ಒಪ್ಪಂದದ ಇನ್ನೊಂದು ಪ್ರತಿ ದೊರೆತಿದೆ. ‘ಪಾಷಂಡ’ ಎಂಬ ಪದದಿಂದ ಮೊದಲಾದ ಶಾಸನವು ಗದ್ಯಭಾಗಕ್ಕೆ ಬರುತ್ತಲೇ ‘ಜೈನ ದರ್ಶನ’ ಎನ್ನುತ್ತದೆ. ಆ ಎರಡು ಪದಗಳ ನಡುವಿನ ದಾರಿಯನ್ನು ಓದುಗನು ತನ್ನ ಗುರುವಿನ ಹೆಸರನ್ನು ಹಿಡಿದುಕೊಂಡೇ ನಡೆಯುತ್ತಾನೆ.

ಮನೆಗೊಂದು ಹಣ

ಒಡಂಬಡಿಕೆಗೆ ಬೆಲೆಯೂ ಇತ್ತು. ರಾಜ್ಯದ ಜೈನರೆಲ್ಲ ‘ಬಾಗಿಲುಗಟ್ಟಳೆ’ಯಾಗಿ ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ಹಣವೆಂಬುದು ಆ ಕಾಲದ ಸಣ್ಣ ಚಿನ್ನದ ನಾಣ್ಯ. ಹಾಗೆ ಎತ್ತಿದ ಹೊನ್ನಿನಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ, ಎಂದರೆ ಸುಣ್ಣ, ಬಳಿಸಬೇಕು. ಇದಕ್ಕೆ ಸಮಸ್ತ ರಾಜ್ಯದ ಭವ್ಯಜನರ ಅನುಮತವಿತ್ತೆಂದು ಶಾಸನ ಹೇಳುತ್ತದೆ.

ಈ ಭಾಗವನ್ನು ಎರಡು ರೀತಿಯಲ್ಲಿ ಓದಬಹುದು. ತಮ್ಮ ದೇವರ ಕಾವಲಿಗೆ ತಾವೇ ಹಣ ತೆತ್ತು, ಅದನ್ನು ಅನ್ಯಸಮಯದ ಆಚಾರ್ಯರ ಕೈಯಲ್ಲಿಡಬೇಕಾಗಿ ಬಂದುದು ಜೈನರ ಪರಾಧೀನತೆಗೆ ಸಾಕ್ಷಿಯೆಂಬುದು ಒಂದು. ಬರಿಯ ಸದ್ಭಾವನೆಯನ್ನು ನಂಬದೆ, ಸದ್ಭಾವನೆಗೆ ಸಂಬಳವನ್ನೂ ಲೆಕ್ಕವನ್ನೂ ಜೋಡಿಸಿದ ವ್ಯವಹಾರಜ್ಞಾನವೆಂಬುದು ಇನ್ನೊಂದು. ಎರಡನ್ನೂ ಅಲ್ಲಗಳೆಯುವಂತಿಲ್ಲ. ಬಾಯಿಮಾತಿನ ಒಪ್ಪಿಗೆ ಮುಂದಿನ ಜಾತ್ರೆಯವರೆಗೆ ಬಾಳಬಹುದು. ಇಪ್ಪತ್ತು ಕಾವಲುಗಾರರ ವೇತನಕ್ಕೆ ದಾರಿ ಮಾಡಿದ ಒಪ್ಪಿಗೆ ವರ್ಷವರ್ಷವೂ ತನ್ನನ್ನು ತಾನೇ ನೆನಪಿಸುತ್ತದೆ. ರಕ್ಷಕನಿಗೆ ರಕ್ಷಣೆಯಲ್ಲಿಯೇ ಹಿತವಿರುವಂತೆ ಮಾಡುವುದು ಒಡಂಬಡಿಸುವ ಕಲೆಯ ಹಳೆಯ ಮರ್ಮ.

ಕೊನೆಯ ಸಾಲುಗಳು ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯನ್ನು ಹೆಸರಿಸುತ್ತವೆ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು, ಜೀರ್ಣೋದ್ಧಾರ ಮಾಡಿಸಿದನು; ಉಭಯ ಸಮಯಗಳೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದವು. ಮಲ್ಲಿಷೇಣ ಪ್ರಶಸ್ತಿಯ ನಾಯಕರು ಪ್ರತಿವಾದಿಗಳ ಗರ್ವ ಮುರಿದ ಯತಿಗಳು. ಈ ಶಾಸನದ ಕೊನೆಗೆ ಗೌರವ ಪಡೆದವನು ಅರಸನ ಬಳಿಗೂ ಆಚಾರ್ಯರ ಬಳಿಗೂ ನಡೆದಾಡಿದ ಒಬ್ಬ ಸೆಟ್ಟಿ. ವಾದಿಗೆ ಪಟ್ಟ ಕಟ್ಟುವವರು ಅವನ ಪಕ್ಷದವರು ಮಾತ್ರ. ಇವನಿಗೆ ಎರಡು ಪಕ್ಷದವರೂ ಕಟ್ಟಿದರು.

ಹಳೇಬೀಡಿನ ಸಾಕ್ಷ್ಯ

ಒಪ್ಪಂದವನ್ನು ಮೀರಿದವನು ರಾಜದ್ರೋಹಿ, ಸಂಘಸಮುದಾಯಗಳ ದ್ರೋಹಿ. ಅದನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪವೆಂದು 1368ರ ಶಾಸನ ಎಚ್ಚರಿಸುತ್ತದೆ. ಇಂತಹ ಶಾಪೋಕ್ತಿ ಕನ್ನಡ ಶಾಸನಗಳಲ್ಲಿ ಸಾಮಾನ್ಯ. ಜೈನ ದಾನಶಾಸನಗಳಲ್ಲಿಯೂ ಉಂಟು. ಆದ್ದರಿಂದ ಕೇಳುವವನ ನಂಬಿಕೆಗೆ ತಕ್ಕಂತೆ ಶಾಪವನ್ನು ಆಯ್ದರೆಂದು ಈ ಒಂದರಿಂದಲೇ ಸಾಧಿಸಲಾಗದು. ಅದಕ್ಕೆ ಸ್ಪಷ್ಟ ನಿದರ್ಶನ ದೊರೆಯುವುದು ಹಳೇಬೀಡಿನಲ್ಲಿ.

ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನೊತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಇದರಿಂದ ಹುಟ್ಟಿದ ಕಲಹವನ್ನು ವೀರಶೈವ ಮಹಾಮಹತ್ತಿನ ಹಿರಿಯರು ಸೇರಿ ತೀರ್ಮಾನಿಸಿದುದನ್ನು 1638ರ ಶಾಸನ ಹೇಳುತ್ತದೆ. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಪಾರ್ಶ್ವನಾಥನ ಪೂಜೆಯನ್ನು ಪೂರ್ವದಂತೆ ನಡೆಸತಕ್ಕದ್ದು. ಈ ಜೈನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿ, ವಿಭೂತಿರುದ್ರಾಕ್ಷಿಗಳಿಗೆ ತಪ್ಪಿದವನು.

ಇಲ್ಲಿ ಅರಸನ ಕೈಯಿಲ್ಲ, ರಾಮಾನುಜರ ಶ್ಲೋಕವಿಲ್ಲ, ಮನೆಗೊಂದು ಹಣವಿಲ್ಲ. ಆದರೆ ಒಡಂಬಡಿಸುವ ಕ್ರಮ ಒಂದೇ. ಪೂರ್ವದಂತೆ ಎಂಬ ಮಾತು ಇಲ್ಲಿಯೂ ಇದೆ, ಬೆಲೆಯೂ ಇದೆ, ಹೊಣೆ ಹೊತ್ತವರು ಎದುರು ಪಕ್ಷದವರೇ ಆಗಿದ್ದಾರೆ. ಜಿನಪೂಜೆಗೆ ಭಂಗ ತಂದರೆ ಅದು ಶಿವನಿಗೇ ಮಾಡಿದ ದ್ರೋಹವೆಂದು ಶಿವಭಕ್ತರ ಬಾಯಿಂದ ಹೇಳಿಸುವುದಕ್ಕಿಂತ ಗಟ್ಟಿಯಾದ ಬೇಲಿ ಬಸದಿಗೆ ಬೇರೊಂದಿರಲಾರದು. ವಿಭೂತಿಗೆ ಮೊದಲ ಸ್ಥಾನ ಕೊಡಬೇಕಾಗಿ ಬಂದ ನೋವು ಎಷ್ಟೆಂಬುದನ್ನು ಕಲ್ಲು ಹೇಳುವುದಿಲ್ಲ.

ಈ ದಾಖಲೆಗಳು ತೋರುವ ವಿವೇಕಕ್ಕೆ ಎರಡು ಮುಖಗಳಿವೆ. ಒಪ್ಪಿಸಬೇಕಾದವನ ನಂಬಿಕೆಯೊಳಗಿಂದಲೇ ಅವನಿಗೆ ಕಾರಣ ಒದಗಿಸುವುದು ಒಂದು ಮುಖ. ಹಾಗೆ ಮಾಡುವಾಗ ಒಪ್ಪಿಸುವವನು ತನ್ನ ದನಿಯನ್ನು ಸ್ವಲ್ಪಮಟ್ಟಿಗೆ ತಗ್ಗಿಸಬೇಕಾಗುವುದು ಇನ್ನೊಂದು. ಬಲವಿದ್ದವನಿಗೆ ಈ ತಗ್ಗುವಿಕೆಯ ಅಗತ್ಯ ಬೀಳುವುದು ಕಡಮೆ. ಆದುದರಿಂದ 1368ರ ಶಾಸನವನ್ನು ಸಾಮರಸ್ಯದ ಉದಾಹರಣೆಯೆಂದು ಹೊಗಳುವವರು ಅದರಲ್ಲಿನ ಒಂದು ಹಣದ ಲೆಕ್ಕವನ್ನು ಮರೆಯಬಾರದು; ಅದನ್ನು ಶರಣಾಗತಿಯೆಂದು ತೆಗಳುವವರು ಬೆಳಗೊಳದ ದೇವರಿಗೆ ಕಾವಲು ನಿಂತ ಇಪ್ಪತ್ತು ಆಳುಗಳನ್ನು ಮರೆಯಬಾರದು. ಮಲ್ಲಿಷೇಣ ಪ್ರಶಸ್ತಿಯ ವಾದಿಗಳು ದರ್ಶನಕ್ಕೆ ಕೀರ್ತಿ ತಂದರು. ಕಲ್ಲೆಹದ ಸೆಟ್ಟಿಯ ಬಿನ್ನಹ ಬಸದಿಗಳ ಗೋಡೆಗೆ ಸುಣ್ಣ ತಂದಿತು. ಬೆಳಗೊಳದ ಪರಂಪರೆಗೆ ಎರಡೂ ಬೇಕಾಗಿದ್ದವು, ಎರಡನ್ನೂ ಅದು ಕಲ್ಲಿನಲ್ಲಿ ಉಳಿಸಿಕೊಂಡಿದೆ.